ಅರ್ಜಿದಾರರ ಕಣ್ಣು ಚೆನ್ನಾಗಿದೆ

ಮಂಗಳವಾರ, ಮಾರ್ಚ್ ೧೨

ನನ್ನ ಮುದ್ದು ಮಗಳಿಗೂ, ಅವಳ ಕುರ್ಚಿಯಲ್ಲೇ ಕೂತಿರುವ ಮಾನ್ಯ ಅಧಿಕಾರಿಗಳಿಗೂ,

ಕಣ್ಣಿನ ಪೊರೆ ತೆಗೆಸಲು ಸರ್ಕಾರಿ ಆರೋಗ್ಯ ವಿಮೆಗೆ ನಾನು ಹಾಕಿದ್ದ ಅರ್ಜಿ ನಿನ್ನೆ ವಾಪಸ್ ಬಂತು. ತಿರಸ್ಕರಿಸಲಾಗಿದೆಯಂತೆ. ಕೆಳಗೆ ನಿನ್ನದೇ ಸಹಿ. ಅರ್ಜಿದಾರರು ಈಗಲೂ ತಾವೇ ಸೂಜಿಗೆ ದಾರ ಪೋಣಿಸುತ್ತಾರೆಂಬುದು ಪರಿಶೀಲನಾಧಿಕಾರಿಗೆ ಖುದ್ದಾಗಿ ಗೊತ್ತಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆ ಹೆಗ್ಗಣವೇ ನನ್ನ ಅರ್ಜಿ ಕಡಿದು ಹಾಕಿತಲ್ಲೇ!

ನಿವೃತ್ತಿಯಾದ ಮೇಲೆ ನಿಮ್ಮಪ್ಪ ಇಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಸರ್ಕಾರದ ಕೈಗೆ ಮೈ ಕೊಡಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ ಅಂತ ಬೆಳಿಗ್ಗೆಯಿಂದ ಮನೆ ತುಂಬ ಓಡಾಡುತ್ತಿದ್ದಾರೆ. ಅವರು ನೆಚ್ಚಿದ ಖಾಸಗಿ ವಿಮಾ ಕಂಪನಿ, ಅರವತ್ತೆರಡು ವರ್ಷದ ನನ್ನ ಕಣ್ಣೇ ಒಂದು ಹಳೆಯ ಕಾಯಿಲೆ, ಅದಕ್ಕೆ ವಿಮೆ ಇಲ್ಲ ಅಂದದ್ದನ್ನು ನೆನಪಿಸಿದೆ. ಸ್ವಲ್ಪ ತಣ್ಣಗಾದರು. ನಾನು ಸರ್ಕಾರವನ್ನು ನಂಬಿದ್ದು ಯಾಕೆ ಗೊತ್ತಾ? ನನಗೆ ಗೊತ್ತಿರುವ ಸರ್ಕಾರ ಅಂದರೆ ನೀನೊಬ್ಬಳೇ.

ಈಗ ನಿಜ ಹೇಳುತ್ತೇನೆ, ಬೈಯಬೇಡ. ಒಂದೇ ಸಲಕ್ಕೆ ದಾರ ಪೋಣಿಸಿದೆ ಅಂತ ಪತ್ರಗಳಲ್ಲಿ ಕೊಚ್ಚಿಕೊಂಡದ್ದೆಲ್ಲ ಸುಳ್ಳು. ದೂರದಲ್ಲಿರುವ ಮಗಳು ಕೊರಗಬಾರದು ಅಂತ ಹೇಳಿದ ಸುಳ್ಳು ಸರ್ಕಾರಿ ಕಡತಕ್ಕೆ ಸಾಕ್ಷಿಯಾಗುತ್ತದೆ ಅಂತ ಯಾವ ತಾಯಿಗೆ ಗೊತ್ತಿರುತ್ತೆ? ಕಳೆದ ವಾರ ಬ್ಯಾಂಕ್ ಮ್ಯಾನೇಜರ್ ಷರ್ಟಿಗೆ ಜೇಬನ್ನು ಒಳಗಡೆ ಹೊಲಿದುಬಿಟ್ಟೆ. ಪುಣ್ಯಾತ್ಮ, ಕಳ್ಳರಿಗೆ ಸಿಗಲ್ಲ ಬಿಡೀಮ್ಮ ಅಂತ ನಕ್ಕು ಹೋದರು. ಎಲ್ಲ ಗಿರಾಕಿಗಳೂ ಹಾಗೆ ನಗುವುದಿಲ್ಲ. ನಲವತ್ತು ವರ್ಷ ತುಳಿದ ಮಷಿನ್ ನಿಲ್ಲಿಸಬೇಕಾಗುತ್ತದೇನೋ ಅಂತ ನನಗೆ ನಿಜಕ್ಕೂ ಭಯ ಕಣೇ.

ಅಮ್ಮ ಅಂತ ಮುಲಾಜು ನೋಡಲಿಲ್ಲವಲ್ಲ, ಅದಕ್ಕೆ ಹೆಮ್ಮೆಯೂ ಇದೆ. ಆದರೆ ಡಾಕ್ಟರ್ ಬರೆದುಕೊಟ್ಟ ಚೀಟಿ ಪಕ್ಕಕ್ಕಿಟ್ಟು ಅಮ್ಮನ ಮಾತು ನಂಬುವ ಸರ್ಕಾರವನ್ನು ನಂಬುವುದೋ ಬಿಡುವುದೋ ನನಗೇ ತಿಳಿಯುತ್ತಿಲ್ಲ. ಹೊಸ ಅರ್ಜಿ ಇದರ ಜೊತೆಗಿದೆ. ದಯವಿಟ್ಟು ಪಕ್ಕದ ಮೇಜಿನವರಿಗೆ ಕೊಡು. ಅವರಿಗೆ ನಾನು ಯಾರೂ ಅಲ್ಲ, ಅದೇ ವಾಸಿ.

ಇಂತಿ ನಿನ್ನ ಸುಳ್ಳುಬುರುಕಿ
ಅಮ್ಮ

ತಾ.ಕ.: ನಾನು ಹೇಳುತ್ತಾ ಹೋದೆ, ಕೆಳಗಿನ ಮನೆಯ ನರ್ಸ್ ಬರೆದಳು. ಹೋದ ವರ್ಷದಿಂದ ಎಲ್ಲ ಪತ್ರಗಳನ್ನೂ ಬರೆದದ್ದು ಅವಳೇ. ಇದು ನಿನ್ನ ಅಕ್ಷರ ಅಲ್ಲವಲ್ಲಮ್ಮ ಅಂತ ನೀನು ಇವತ್ತು ಕೇಳ್ತೀಯ, ನಾಳೆ ಕೇಳ್ತೀಯ ಅಂತ ಕಾಯುತ್ತಿದ್ದೆ.