ಏಳು ನಲವತ್ತರ ಕರೆ

ಟಾಲ್‌ಮನ್ ಕೌಂಟಿ, ನೆಬ್ರಾಸ್ಕಾ
ಅಕ್ಟೋಬರ್ 11, ಭಾನುವಾರ

ವೆಂಡೆಲ್‌ಗೆ, ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದ.

2015ರ ಜನವರಿ 14ರಿಂದ 22ರವರೆಗೆ, ಒಂಬತ್ತು ಬೆಳಗು, ಓರ್ಫಾ ಸ್ಟೆಂಗಲ್ ತನ್ನ ಅಡುಗೆಮನೆಯ ನೆಲದ ಮೇಲೆ ಹೆಣವಾಗಿ ಬಿದ್ದಿದ್ದಳು. ಆ ಒಂಬತ್ತು ಬೆಳಗೂ ಶೆರೀಫ್ ಕಚೇರಿಯ ಪುಸ್ತಕದಲ್ಲಿ "ಫೋನ್ ಎತ್ತಿದರು, ಕ್ಷೇಮ" ಎಂದು ಬರೆದಿದೆ. ಅಲ್ಲಿಂದ ದಿನಾ ಫೋನ್ ಮಾಡುತ್ತಿದ್ದವನು ನೀನು, ಕೈಬರಹವೂ ನಿನ್ನದು. ಈಗ ನೀನು ಅದೇ ಕಚೇರಿಗೆ ಶೆರೀಫ್ ಆಗಲು ಮತ ಕೇಳುತ್ತಿದ್ದೀಯೆ.

ನಿನ್ನ ಕರಪತ್ರ ಓದಿದೆ. ಜನರ ಸುರಕ್ಷತೆಗೆ ನಿನ್ನ ಆದ್ಯತೆಗಳು ಮೂರು. ಹೆದ್ದಾರಿಯಲ್ಲಿ ಮಾದಕ ವಸ್ತು ತಡೆಯುವುದು, ಆಗಲಿ. ಶಾಲೆಗೆ ಕಾವಲು, ಅದೂ ಆಗಲಿ. ಮೂರನೆಯದು, ಒಂಟಿಯಾಗಿರುವ ಮುದುಕರಿಗೆ ದಿನಾ ಬೆಳಿಗ್ಗೆ ಏಳು ನಲವತ್ತಕ್ಕೆ ಕಚೇರಿಯಿಂದ ಹೋಗುವ ಕರೆಯನ್ನು ಯಂತ್ರಕ್ಕೆ ಒಪ್ಪಿಸುವುದು. ಯಂತ್ರ ಕೇಳುತ್ತದಂತೆ, ಚೆನ್ನಾಗಿದ್ದರೆ ನಾವು ಒಂದನ್ನು ಒತ್ತಬೇಕಂತೆ. ಶುಕ್ರವಾರ ಕಾಫಿ ಅಂಗಡಿಯಲ್ಲಿ ಮಿಲೋ ಹ್ರೂಬಿ ಇದನ್ನು ಗಟ್ಟಿಯಾಗಿ ಓದಿದ. ಅವನಿಗೆ ಎಂಬತ್ಮೂರು, ಅವನ ಹೆಸರೂ ಕರೆ ಹೋಗುವವರ ಪಟ್ಟಿಯಲ್ಲಿದೆ. "ಅಲ್ಲ ಲೆನೋರಾ, ಸತ್ತಿದ್ರೆ ಎರಡು ಒತ್ಬೇಕೇನೇ?" ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪಟ್ಟಿಯಲ್ಲಿರುವ ಹತ್ತೊಂಬತ್ತು ಜನರಲ್ಲಿ ಈಗ ನಾನೂ ಒಬ್ಬಳು.

ಮೂವತ್ತೆರಡು ವರ್ಷ ಈ ಕೌಂಟಿಯ ಗ್ರಂಥಾಲಯ ನೋಡಿಕೊಂಡವಳು ನಾನು. ಆ ಕರೆ ಶುರುವಾದದ್ದು 1978ರ ಹಿಮಗಾಳಿಯಲ್ಲಿ ಇಬ್ಬರು ಮುದುಕರು ಸತ್ತು, ಯಾರಿಗೂ ತಿಳಿಯದೆ ಹೋದ ಮೇಲೆ ಎಂಬುದು ನನಗೆ ನೆನಪಿದೆ. ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ನೆರೆಯವರೊಬ್ಬರ ಹತ್ತಿರ ಕೀಲಿಕೈ ಕೊಟ್ಟಿರಬೇಕು. ಫೋನ್ ಎತ್ತದಿದ್ದರೆ ಕೀಲಿ ಇರುವವರು ಹೋಗಿ ನೋಡಬೇಕು. ಓರ್ಫಾಳ ಕೀಲಿ ನನ್ನ ಹತ್ತಿರ ಇತ್ತು. ರಸ್ತೆ ದಾಟಿದರೆ ಅವಳ ಮನೆ. ಆದರೆ ಆ ಒಂಬತ್ತು ದಿನ ನಾನು ಸೊಂಟದ ಶಸ್ತ್ರಚಿಕಿತ್ಸೆಗೆಂದು ಲಿಂಕನ್‌ನ ಆಸ್ಪತ್ರೆಯಲ್ಲಿದ್ದೆ. 22ರ ಮಧ್ಯಾಹ್ನ ಮರಳಿದಾಗ ಅವಳ ಮೆಟ್ಟಿಲ ಮೇಲಿನ ಹಿಮದಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಊರುಗೋಲು ಹಿಡಿದೇ ಹೋಗಿ ಬಾಗಿಲು ತೆರೆದೆ. ಒಲೆ ಆರಿತ್ತು. ಬಟ್ಟಲಲ್ಲಿ ಕಾಫಿ ಗಡ್ಡೆ ಕಟ್ಟಿತ್ತು. ಸತ್ತದ್ದು 13ರ ಸಂಜೆಯೇ ಎಂದರು ಡಾಕ್ಟರು.

ಸ್ಮಶಾನದಲ್ಲಿ ನೀನು ನನ್ನ ಹತ್ತಿರ ಬಂದೆ. "ದೊಡ್ಡಮ್ಮ, ದೇವರಾಣೆಗೂ ದಿನಾ ಫೋನ್ ಮಾಡ್ದೆ. ದಿನಾ ಎತ್ತಿದ್ರು. 'ಚೆನ್ನಾಗಿದ್ದೀನಪ್ಪ, ಸ್ವಲ್ಪ ಚಳಿ ಅಷ್ಟೇ' ಅಂದ್ರು" ಎಂದೆ. ನಾನು ನಿನ್ನನ್ನು ಸುಳ್ಳುಗಾರ ಎಂದೆ. ನೀನು ನನ್ನ ಮುಖವನ್ನೇ ನೋಡುತ್ತ, "ನೀವು ಆಸ್ಪತ್ರೇಲೇ ಇದ್ರಾ? ಒಂಬತ್ತು ದಿನವೂ?" ಎಂದು ಕೇಳಿದೆ. ತಪ್ಪನ್ನು ಕೀಲಿ ಇದ್ದವಳ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡೆ. ಅಂದಿನಿಂದ ನಿನ್ನ ಜೊತೆ ಮಾತಿಲ್ಲ. ನಿನ್ನ ಅಮ್ಮ, ನನ್ನ ತಂಗಿ ಅಡೇಲಾ, ತೀರಿಕೊಂಡಾಗಲೂ ಚರ್ಚಿನಲ್ಲಿ ನೀನು ಆ ಕಡೆಯ ಬೆಂಚು, ನಾನು ಈ ಕಡೆಯದು.

ಈಗ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಚುನಾವಣಾ ಸಭೆಯಲ್ಲಿ ನಿನ್ನ ಸುಳ್ಳನ್ನು ಹಿಡಿಯಬೇಕೆಂದು ಬೇಸಿಗೆಯಲ್ಲಿ ಹಳೆಯ ದಾಖಲೆಗಳನ್ನು ಕೇಳಿ ತರಿಸಿಕೊಂಡೆ. ಕಚೇರಿಯಿಂದ ಓರ್ಫಾಳ ಮನೆಗೆ ಒಂಬತ್ತು ಕರೆ ಹೋಗಿವೆ. ಒಂಬತ್ತನ್ನೂ ಆ ಕಡೆ ಯಾರೋ ಎತ್ತಿದ್ದಾರೆ. ಪ್ರತಿಸಲವೂ ಅರ್ಧ ನಿಮಿಷ ಮಾತು. ನೀನು ಸುಳ್ಳು ಹೇಳಿರಲಿಲ್ಲ. ಮೂರು ತಿಂಗಳಿಂದ ಆ ಕಾಗದ ನನ್ನ ಬೈಬಲ್ಲಿನೊಳಗಿದೆ. ಕ್ಷಮೆ ಕೇಳುವ ಧೈರ್ಯ ಬರಲಿಲ್ಲ.

ಆದರೂ ನಿನ್ನ ಮೇಲಿನ ಸಿಟ್ಟು ಆರಿಲ್ಲ. ಹಿಮದಲ್ಲಿ ಹೆಜ್ಜೆಯಿಲ್ಲ, ಒಲೆಯಲ್ಲಿ ಬೆಂಕಿಯಿಲ್ಲ, ಆದರೂ ಯಾರೋ ಫೋನ್ ಎತ್ತಿದರು. ಒಂಬತ್ತು ಬೆಳಗು ಕೇಳಿದ ಆ ದನಿ ಯಾರದೆಂದು ನಿನಗೆ ಗೊತ್ತಿರಲೇಬೇಕು. ಹೇಳಲಿಲ್ಲ. ಇಂದು ಆ ಫೋನನ್ನು ಯಂತ್ರಕ್ಕೆ ಕೊಡುತ್ತಿರುವುದು ಕೆಲಸ ಹಗುರ ಮಾಡಲು ಅಲ್ಲ, ವೆಂಡೆಲ್. ಅದನ್ನು ಕಿವಿಗಿಡಲು ನಿನಗೆ ಭಯ. ಒಬ್ಬನ ಭಯಕ್ಕಾಗಿ ಹತ್ತೊಂಬತ್ತು ಮುದುಕರು ದಿನಾ ಕೇಳುವ ಒಂದೇ ಮನುಷ್ಯದನಿಯನ್ನು ಕಿತ್ತುಕೊಳ್ಳಬಾರದು.

ಗುರುವಾರ ಅಗ್ನಿಶಾಮಕ ಠಾಣೆಯಲ್ಲಿ ಅಭ್ಯರ್ಥಿಗಳ ಸಭೆ ಇದೆಯಲ್ಲ, ಅಲ್ಲಿ ಎಲ್ಲರೆದುರು ಈ ಪ್ರಶ್ನೆಗೆ ಉತ್ತರಿಸು. ಆ ಒಂಬತ್ತು ಬೆಳಗು ನಿನ್ನ ಜೊತೆ ಮಾತಾಡಿದವರು ಯಾರು?

ನಿನ್ನ ದೊಡ್ಡಮ್ಮ,
ಲೆನೋರಾ ಕುಚೆರಾ

ಮರೆತ ಮಾತು: ಸೋಮವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯ ಹುಡುಗಿ ನನಗೆ ಕರೆ ಮಾಡಿ ಇಟ್ಟ ಮೇಲೆ ಓರ್ಫಾಳ ಮನೆಯಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಹನ್ನೊಂದು ವರ್ಷದಿಂದ ಆ ಮನೆಗೆ ತಂತಿಯೇ ಇಲ್ಲ. ಮೊಳೆಯಲ್ಲಿದ್ದ ಕೀಲಿ ತೆಗೆದುಕೊಂಡು ರಸ್ತೆ ದಾಟಿದೆ. ಒಳಗೆ ಜನವರಿಯ ಚಳಿ. ರಿಸೀವರ್ ಎತ್ತಿದೆ. ನಿನ್ನ ದನಿ, ಇಪ್ಪತ್ತಾರರ ಹರೆಯದ್ದು, ಇನ್ನೂ ಒರಟಾಗದ್ದು: "ಗುಡ್ ಮಾರ್ನಿಂಗ್. ಹೇಗಿದ್ದೀರಮ್ಮ?" ಓರ್ಫಾ ಸತ್ತಿದ್ದಾಳೆ, ಬೇಗ ಬಾ ಎನ್ನಬೇಕೆಂದೇ ಬಾಯಿ ತೆರೆದೆ. ಆದರೆ ಅಡೇಲಾ ಹೋದ ಮೇಲೆ ನನ್ನ ರಕ್ತದವರು ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಚೆನ್ನಾಗಿದ್ದೀನಪ್ಪ, ಸ್ವಲ್ಪ ಚಳಿ ಅಷ್ಟೇ" ಎಂದುಬಿಟ್ಟೆ. ಇನ್ನು ಎಂಟು ಬೆಳಗು ಇವೆ. ಗುರುವಾರ ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಆ ದನಿ ಯಾರದೆಂದು ನನ್ನ ಮುಖ ನೋಡಿ ಹೇಳು.