ದೇವರನ್ನು, ದೇವರಿಗೆ

ಸೋಮವಾರ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ

ನನ್ನ ಗುಬ್ಬಿಗೆ,

ಕರ್ತನ ಕೃಪೆಯೂ ನಿನ್ನ ಅಮ್ಮನ ಮುತ್ತೂ ನಿನ್ನ ಮೇಲಿರಲಿ. ನಿನ್ನೆ ನೀನು ಅಷ್ಟು ಆಸೆಯಿಂದ ಫೋನ್ ಮಾಡಿ, ಹೊಸ ಪ್ರಾರ್ಥನಾ ಮಂದಿರದ ಸಮರ್ಪಣೆ ಹೇಗಾಯಿತು ಎಂದು ಕೇಳಿದೆ. ನಿಮ್ಮಪ್ಪ "ಚೆನ್ನಾಗಾಯ್ತು" ಎಂದು ಹೇಳಿ ಫೋನಿಟ್ಟರು. ಅಂಥ ದಿನವನ್ನು ಒಂದೇ ಪದದಲ್ಲಿ ಮುಗಿಸುವ ಗಂಡಸಿನ ಜೊತೆ ಇಷ್ಟು ವರ್ಷ ಬಾಳಿದ್ದಕ್ಕಾದರೂ ಪರಲೋಕದಲ್ಲಿ ನನಗೊಂದು ಒಳ್ಳೆಯ ಕುರ್ಚಿ ಕಾದಿರಬೇಕು. ನಾನು ಪಕ್ಕದಲ್ಲೇ ನಿಂತು ಕೈ ಆಡಿಸುತ್ತಿದ್ದೆ, ಹೇಳಿ ಹೇಳಿ ಎಂದು. ಅವರು ಅದನ್ನು ಸಾಕು ಸಾಕು ಎಂದು ತಿಳಿದುಕೊಂಡರು. ಹಾಗಾಗಿ ಈ ಪತ್ರ.

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಎಂದು ದಿನವಿಡೀ ಕೂಗಿ, ಭಾನುವಾರ ಮಂದಿರದಲ್ಲಿ ಗಾಯನ ತಂಡದ ಮುಂದೆ ನಿಂತು ಹಾಡಿ, ಮನೆಗೆ ಬಂದು ನಿಮ್ಮನ್ನೆಲ್ಲ ಬೈದು ನನ್ನ ಗಂಟಲಲ್ಲಿ ಗಂಟು ಬೆಳೆದದ್ದು ನಿನಗೆ ಗೊತ್ತಿರುವುದೇ. ಅದನ್ನು ತೆಗೆದ ಮೇಲೆ ಗಂಟಲಿನ ಡಾಕ್ಟರು ನನಗೊಂದು ಮಾತು ಹೇಳಿದರು: ತಾನು ಸರಿ ಎನ್ನುವವರೆಗೆ ಮಾತಿಲ್ಲ, ಹಾಡಿಲ್ಲ, ಪಿಸುಮಾತೂ ಇಲ್ಲ. ತಪ್ಪಿದರೆ ದನಿ ಮರಳುವ ಭರವಸೆ ತಾನು ಕೊಡುವುದಿಲ್ಲ. ನಮ್ಮ ಬೀದಿಯೆಲ್ಲ ನನ್ನನ್ನು ಮೈಕಮ್ಮ ಎಂದು ಕರೆಯುತ್ತದೆ. ಅಂಥವಳ ಬಾಯಿಗೆ ಬೀಗ ಬಿದ್ದಿತು.

ನಿನ್ನ ಅಣ್ಣ ಒಂದು ಬಿಳಿಯ ಹಲಗೆ, ಅಳಿಸುವ ಪೆನ್ನು ತಂದುಕೊಟ್ಟ. ಅದರಲ್ಲಿ ಜಗಳವಾಡುವುದು ಎಷ್ಟು ಕಷ್ಟ ಎಂದರೆ, ನಾನು ಬರೆದು ಮುಗಿಸುವ ಹೊತ್ತಿಗೆ ನಿಮ್ಮಪ್ಪ ಕನ್ನಡಕ ಹುಡುಕಲು ಹೋಗಿರುತ್ತಾರೆ. ಕನ್ನಡಕ ಸಿಗುವಷ್ಟರಲ್ಲಿ ನನ್ನ ಸಿಟ್ಟು ಇಳಿದು, ಅಳಿಸಿ, ಕಾಫಿ ಬೇಕಾ ಎಂದು ಬರೆದಿರುತ್ತೇನೆ. ನಿಮ್ಮಪ್ಪನ ಜೀವನದಲ್ಲಿ ಇಷ್ಟು ನೆಮ್ಮದಿ ಯಾವತ್ತೂ ಇರಲಿಲ್ಲ ಎಂದು ನಿನ್ನ ಅತ್ತಿಗೆ ಹೇಳಿದಳು. ಅವಳು ಹೇಳುವುದೇ ಅಪರೂಪ, ಹೇಳಿದರೆ ಹೀಗೆ.

ನನಗೆ ಒಂದೇ ಚಿಂತೆ ಇದ್ದದ್ದು. ಹೊಸ ಮಂದಿರದ ಸಮರ್ಪಣೆಯ ದಿನ ನಾನು ಹಾಡಬೇಕು. ಆ ದಿನಕ್ಕೆಂದೇ ಕಟ್ಟಿದ ಹಾಡು, ತಂಡಕ್ಕೆ ಸಾಲು ಸಾಲಾಗಿ ಹೇಳಿಕೊಟ್ಟವಳು ನಾನು. ಕೀಬೋರ್ಡ್ ನುಡಿಸುತ್ತಿದ್ದ ಹುಡುಗಿ ಮದುವೆಯಾಗಿ ಹೋದಮೇಲೆ ನಮ್ಮಲ್ಲಿ ಶ್ರುತಿ ಎಂದರೆ ನನ್ನ ಗಂಟಲೇ. ನಾನೆತ್ತಿದ ಕಡೆಯಿಂದ ಹಾಡು ಶುರು. ಅದಿಲ್ಲದೆ ಅವರು ಹೇಗೆ ಹಾಡುತ್ತಾರೆ ಎಂದು ನನಗೆ ನಿಜವಾಗಿ ಭಯವಿತ್ತು. ಹಾಡಿಬಿಟ್ಟರೆ ಎಂಬ ಭಯ ಅದಕ್ಕಿಂತ ಹೆಚ್ಚಿತ್ತು.

ಹೀಗಿರುವಾಗ ಸಭಾಪಾಲಕರು ಮನೆಗೆ ಬಂದರು. ಕುಶಲ ಕೇಳಿ, ಗಂಟಲಿಗಾಗಿ ಪ್ರಾರ್ಥಿಸಿ, ಆಮೇಲೆ ಮೆತ್ತಗೆ, ನಿನ್ನ ಅತ್ತಿಗೆ ಹಾಡು ನಡೆಸಲಿ ಎಂದರು. ಗುಬ್ಬಿ, ನಿನ್ನ ಹತ್ತಿರ ಮುಚ್ಚುಮರೆ ಏಕೆ, ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತು. ಮುದ್ರಣಾಲಯದಲ್ಲಿ ಕೂತು ಬೆಳಗಿಂದ ಸಂಜೆವರೆಗೆ ಕರಡು ತಿದ್ದುವವಳು, ಕಡೆಯ ಸಾಲಿನಲ್ಲಿ ನಿಂತು ಹಾಡುವಾಗ ಅವಳ ಪಕ್ಕದವರಿಗೂ ಕೇಳಿಸದವಳು ಮುಂದೆ ನಿಲ್ಲುವುದೇ? ನನ್ನ ಮುಖ ನೋಡಿ ಸಭಾಪಾಲಕರು, "ಎಲ್ಲಾನೂ ದೇವರಿಗೆ ಒಪ್ಪಿಸಿಬಿಡಿ ಅಮ್ಮ" ಎಂದರು. ನಾನು ಹಲಗೆ ಎತ್ತಿಕೊಂಡು ಗಟ್ಟಿಯಾಗಿ ಒತ್ತಿ ಬರೆದೆ: "ದಿನಾ ಬೆಳಗಾದರೆ ದೇವರನ್ನು ಒಪ್ಪಿಸುತ್ತಲೇ ಇದ್ದೇನೆ."

ನಿನ್ನ ಅತ್ತಿಗೆ ಕಾಫಿ ಲೋಟ ಇಡಲು ಬಗ್ಗಿದಳು, ಹಲಗೆ ನೋಡಿದಳು. ಪಾಪ, ಅವಳ ಕೈ ಸುಮ್ಮನಿರುವುದಿಲ್ಲ, ಅದು ಅವಳ ಹೊಟ್ಟೆಪಾಡಿನ ಅಭ್ಯಾಸ. ಬೆರಳಲ್ಲಿ "ರನ್ನು" ಅಳಿಸಿ, ಪೆನ್ನಲ್ಲಿ "ರಿಗೆ" ಎಂದು ಬರೆದು ಒಳಗೆ ಹೋದಳು. ಸಭಾಪಾಲಕರು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ನಗಲಿಲ್ಲ. ಅತ್ತೆಯ ಕಾಗುಣಿತ ತಿದ್ದುವ ಸೊಸೆಯ ಮೇಲೆ ಆ ಸಂಜೆಯೆಲ್ಲ ಪಾತ್ರೆಗಳನ್ನು ಸದ್ದು ಮಾಡುತ್ತ ಇಟ್ಟೆ.

ಆದರೆ ಮಾತಿಲ್ಲದವಳಿಗೆ ಯೋಚನೆಯೊಂದೇ ಉಳಿಯುವುದು. ಬಟ್ಟೆ ಮಡಚುತ್ತ ಕೂತಾಗ ನನಗೆ ಹೊಳೆಯಿತು: ನಾನು ತಪ್ಪು ಬರೆದಿರಲಿಲ್ಲ. ನಾನು ದಿನಾ ಮಾಡುತ್ತಿದ್ದದ್ದು ಅದನ್ನೇ. ದೇವರನ್ನು ಒಪ್ಪಿಸುವುದು. ನಿಮ್ಮಪ್ಪನನ್ನು ಕಿಟಕಿಗೆ ಹೊಸ ಪರದೆ ಕೊಳ್ಳಲು ಒಪ್ಪಿಸುವ ಹಾಗೆ, ಬಸ್ ನಿಲ್ದಾಣದ ಮೇಲ್ವಿಚಾರಕರನ್ನು ರಜೆಗೆ ಒಪ್ಪಿಸುವ ಹಾಗೆ. ಸಮರ್ಪಣೆಗೆ ಮೊದಲೇ ದನಿ ಕೊಡು, ಕೊಟ್ಟರೆ ನಿನಗಾಗಿಯೇ ಹಾಡುತ್ತೇನೆ, ನಿನಗೂ ಒಳ್ಳೆಯದು, ನನಗೂ ಒಳ್ಳೆಯದು ಎಂದು ಆತನ ಬೆನ್ನು ಬಿಡದೆ ಕಾಡುತ್ತಿದ್ದೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಆತನ ಚಿತ್ತ ನೆರವೇರಲಿ ಎಂಬ ಮಾತು ಬರುತ್ತದಲ್ಲ, ಅದನ್ನು ಇಡೀ ಮಂದಿರದಲ್ಲಿ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ನಾನು.

ಇಷ್ಟಾಗಿಯೂ ನಾನು ಒಮ್ಮೆಲೇ ದೇವದೂತೆಯಾಗಲಿಲ್ಲ. ಹಾಡಿನ ಅಭ್ಯಾಸ ನಮ್ಮ ಮುಂದಿನ ಕೋಣೆಯಲ್ಲೇ ನಡೆಯುತ್ತಿತ್ತು. ನಿನ್ನ ಅತ್ತಿಗೆ ಹಾಡು ಎತ್ತಿದ ಕೂಡಲೇ ನನ್ನ ಹುಬ್ಬು ಮೇಲೇರುತ್ತಿತ್ತು. ಅವಳು ಒಂದು ದಿನ ಬಂದು, "ಅತ್ತೆ, ಶ್ರುತಿ ಸ್ವಲ್ಪ ಇಳಿಸ್ಲಾ? ಎಲ್ರಿಗೂ ಎಟುಕಲ್ಲ ಅನ್ಸುತ್ತೆ" ಎಂದು ಕೇಳಿದಳು. ಹಲಗೆಯ ತುಂಬ "ಬೇಡ" ಎಂದು ಬರೆದೆ. ಎಟುಕದಿದ್ದರೆ ಎಟುಕಿಸಿಕೊಳ್ಳಲಿ, ನಾನೇನು ಏಣಿ ಹಾಕಿಕೊಂಡು ಹಾಡುತ್ತಿದ್ದೆನೇ ಎನಿಸಿತ್ತು. ಅವಳು ಸರಿ ಎಂದು ತಲೆಯಾಡಿಸಿ ಮತ್ತೆ ನನ್ನ ಎತ್ತರಕ್ಕೇ ಹಾಡಿದಳು. ಕತ್ತಿನ ನರಗಳು ಉಬ್ಬಿದವು.

ಶುಕ್ರವಾರ ಗಂಟಲಿನ ಡಾಕ್ಟರ ಹತ್ತಿರ ಹೋಗಿದ್ದೆ, ಒಬ್ಬಳೇ. ಬರುವಾಗ ಹೊಸ ಮಂದಿರಕ್ಕೆ ಹೊಕ್ಕೆ. ಬೆಂಚುಗಳಿಗೆ ಬಣ್ಣ ಹಚ್ಚುತ್ತಿದ್ದವನು ಹಸಿಯಿದೆ, ಕೂರಬೇಡಿ ಎಂದ. ಹಾಗಾಗಿ ಗೋಡೆಗೆ ಒರಗಿ ನಿಂತೇ ಪ್ರಾರ್ಥಿಸಿದೆ. ಏನು ಪ್ರಾರ್ಥಿಸಿದೆ ಎಂದು ಈಗ ಕೇಳಬೇಡ. ಮನೆಗೆ ಬಂದಾಗ ನಿಮ್ಮಪ್ಪ, "ಏನಂದ್ರು ಡಾಕ್ಟ್ರು?" ಎಂದರು. ಗಾಯ ಚೆನ್ನಾಗಿ ಮಾಗಿದೆಯಂತೆ ಎಂದು ಬರೆದು ತೋರಿಸಿದೆ. ಶನಿವಾರ ಸೊಸೆಯನ್ನು ಕರೆದು, ಅವಳು ಕೇಳದೆಯೇ, "ಶ್ರುತಿ ನಿನಗೆ ಸರಿ ಕಂಡಂತೆ" ಎಂದು ಬರೆದೆ. ಅವಳು ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಇನ್ನೇನಾದರೂ ಷರತ್ತು ಬರೆದಿದ್ದೇನೋ ಎಂದು.

ಇನ್ನು ನಿನ್ನೆಯದು. ಮಂದಿರ ತುಂಬಿ ಬಾಗಿಲವರೆಗೂ ಜನ ನಿಂತಿದ್ದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ತಂಡದಲ್ಲಿ ನಿಲ್ಲದೆ ಜನರ ನಡುವೆ ಕೂತೆ, ಅದೇ ನನಗೆ ಹೊಸತು. ನಿನ್ನ ಅತ್ತಿಗೆ ಮುಂದೆ ಬಂದು ನಿಂತಳು. ಅವಳು ತಗ್ಗಿನಲ್ಲಿ ಎತ್ತಿದಳು. ಅವಳ ಹಿಂದಿದ್ದ ಹೆಂಗಸರು ಹಳೆಯ ರೂಢಿಯಂತೆ ನನ್ನ ಎತ್ತರಕ್ಕೇ ಹಾರಿದರು. ಮೇಲೊಂದು ಹಾಡು, ಕೆಳಗೊಂದು ಹಾಡು, ನಡುವೆ ಸಿಕ್ಕಿಕೊಂಡವರದು ಮೂರನೆಯದು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ನಿಲ್ಲಿಸಿಬಿಟ್ಟರು.

ತಂಡದವರೆಲ್ಲ ನನ್ನ ಕಡೆ ನೋಡಿದರು. ಸಭಾಪಾಲಕರೂ ನೋಡಿದರು. ನಿನ್ನ ಅತ್ತಿಗೆಯೂ ನೋಡಿದಳು, ಕಣ್ಣಲ್ಲಿ ನೀರಿತ್ತು. ಗುಬ್ಬಿ, ಹಾಡು ನನ್ನ ಗಂಟಲವರೆಗೆ ಬಂದು ನಿಂತಿತ್ತು. ಒಂದೇ ಒಂದು ಸಾಲು ಎತ್ತಿಕೊಟ್ಟರೆ ಎಲ್ಲರೂ ಬಂದು ಸೇರಿಕೊಳ್ಳುತ್ತಿದ್ದರು, ಆಮೇಲೆ ಊರೆಲ್ಲ ಮೈಕಮ್ಮ ಮಾನ ಉಳಿಸಿದಳು ಎನ್ನುತ್ತಿತ್ತು. ನಾನು ಬಾಯಿ ಬಿಗಿಹಿಡಿದೆ. ನಾನು ಅವಳನ್ನೇ ನೋಡಿ, ನಗುವಷ್ಟು ಶಕ್ತಿ ಹೇಗೋ ತಂದುಕೊಂಡು, ತಲೆಯಾಡಿಸಿದೆ. ಅದು ಆಗದು ಎಂಬ ತಲೆಯಾಟವಲ್ಲ, ನಡೆಸು ಎಂಬುದು. ಅವಳಿಗೆ ಅರ್ಥವಾಯಿತು.

ಕಣ್ಣೊರೆಸಿಕೊಂಡು, ಕರಡಿನಲ್ಲಿ ತಪ್ಪು ಸಿಕ್ಕಾಗ ಇರುವಷ್ಟೇ ಶಾಂತವಾಗಿ, "ಮತ್ತೆ ಶುರು ಮಾಡೋಣ. ಈ ಸಲ ಗಂಡಸರು ಮೊದಲು" ಎಂದಳು. ಅವಳು ಮತ್ತೆ ತಗ್ಗಿನಲ್ಲಿ ಎತ್ತಿಕೊಟ್ಟಳು. ಹಿಂದಿನಿಂದ ಒಬ್ಬರ ದನಿ ಬಂತು. ತುಂಬು ದನಿ, ಎಲ್ಲಿಯೂ ಅಲುಗದ ದನಿ. ಬೇರೆ ಊರಿನ ಸಭೆಯವರು ಯಾರೋ ಬಂದಿದ್ದಾರೆ ಎಂದುಕೊಂಡು ತಿರುಗಿ ನೋಡಿದೆ. ನಿಮ್ಮಪ್ಪ.

ನಂಬುತ್ತೀಯಾ? ಮಂದಿರದಲ್ಲಿ ಹಾಡಿನ ಪುಸ್ತಕ ಹಿಡಿದು ತುಟಿ ಮಾತ್ರ ಆಡಿಸುತ್ತಾರೆ ಎಂದು ನಾವಿಬ್ಬರೂ ಎಷ್ಟು ಸಲ ಆಡಿಕೊಂಡು ನಕ್ಕಿಲ್ಲ. ಈಗ ಕಣ್ಣು ಮುಚ್ಚಿ, ಎದೆ ಎತ್ತಿ ಹಾಡುತ್ತಿದ್ದರು. ಅವರ ಪಕ್ಕದವನು ಸೇರಿದ, ಹಿಂದಿನ ಬೆಂಚಿನವರು ಸೇರಿದರು, ಬಾಗಿಲಲ್ಲಿ ನಿಂತವರು ಸೇರಿದರು. ಯಾವತ್ತೂ ಬಾಯಿ ತೆರೆಯದ ಮುದುಕರೆಲ್ಲ ಹಾಡಿದರು. ಆಮೇಲೆ ಹೆಂಗಸರು ಅದರ ಮೇಲೆ ಬಂದು ಕೂತರು, ಅವರಿಗೂ ಹಾಯಾಗಿತ್ತು. ಬೆಂಚಿನ ಹಲಗೆ ನನ್ನ ಕೈಯ ಕೆಳಗೆ ಅದುರುತ್ತಿತ್ತು. ಆ ಮಂದಿರದಲ್ಲಿ ಸುಮ್ಮನಿದ್ದವಳು ನಾನೊಬ್ಬಳೇ, ಅಷ್ಟು ಜನರ ನಡುವೆ ಅತಿ ಹೆಚ್ಚು ಸಂತೋಷಪಟ್ಟವಳೂ ನಾನೇ ಇರಬೇಕು. ನಾನು ಹಾಡಿಸಿದ ಯಾವ ಭಾನುವಾರವೂ ಹೀಗಿರಲಿಲ್ಲ. ಇದನ್ನು ಬರೆಯುವಾಗ ನನಗೆ ನೋವಾಗಬೇಕಿತ್ತು, ಆಗುತ್ತಿಲ್ಲ. ಕೊನೆಯ ಚರಣ ಮುಗಿದರೂ ಜನ ಬಿಡದೆ ಮೊದಲಿನಿಂದ ಮತ್ತೆ ಹಾಡಿದರು.

ಮನೆಗೆ ಬರುವ ದಾರಿಯಲ್ಲಿ ನಿಮ್ಮಪ್ಪನ ತೋಳು ಹಿಡಿದು ನಿಲ್ಲಿಸಿ, ಇಷ್ಟು ವರ್ಷ ಏಕೆ ಹಾಡಲಿಲ್ಲ ಎಂದು ಹಲಗೆಯಲ್ಲಿ ಬರೆದೆ. ಲಿಫ್ಟ್ ರಿಪೇರಿ ಮಾಡುವವರ ಉತ್ತರ ಇನ್ನು ಹೇಗಿರುತ್ತದೆ: "ನೀನು ಆರನೇ ಮಹಡಿಯಿಂದ ಶುರು ಮಾಡ್ತಿದ್ದೆ. ನಾವೆಲ್ಲ ಕೆಳಗಡೇನೇ ಬಾಗಿಲು ತೆಗೆಯೋಕೆ ಕಾಯ್ತಾ ನಿಂತಿರ್ತಿದ್ವಿ." ನನಗೆ ನಗು ತಡೆಯಲಾಗಲಿಲ್ಲ. ಸದ್ದಿಲ್ಲದೆ ನಕ್ಕು ನಕ್ಕು ಪಕ್ಕೆ ನೋವು ಬಂತು. ಅವರೂ ನಕ್ಕರು, ಆಮೇಲೆ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಬೆವರು ಎಂದರು. ನಾನು ಒಪ್ಪಿಕೊಂಡೆ.

ಇನ್ನು ಮುಂದೆ ಹಾಡು ನಡೆಸುವವಳು ನಿನ್ನ ಅತ್ತಿಗೆಯೇ. ಸಭಾಪಾಲಕರಿಗೆ ನಿನ್ನೆಯೇ ಬರೆದುಕೊಟ್ಟೆ. ನೀನು ಅವಳಿಗೆ ಫೋನ್ ಮಾಡಿ ಹೊಗಳು, ನಾನು ಹೊಗಳಿದರೆ ಅವಳು ಹೆದರಿಕೊಳ್ಳುತ್ತಾಳೆ. ನಿನ್ನ ಕೆಲಸದಲ್ಲೂ ಕರ್ತನು ಜೊತೆಗಿರಲಿ, ಊಟ ಬಿಡಬೇಡ, ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನನ್ನು ಹಗಲಿರುಳು ನೆನೆಯುವ
ಅಮ್ಮ

ಮರೆತ ಮಾತು: ಶುಕ್ರವಾರ ಡಾಕ್ಟರು ಗಂಟಲು ನೋಡಿ, ಪೂರ್ತಿ ವಾಸಿಯಾಗಿದೆ, ಇವತ್ತಿನಿಂದಲೇ ಮಾತಾಡಿ, ಭಾನುವಾರ ಧಾರಾಳವಾಗಿ ಹಾಡಿ ಎಂದಿದ್ದರು. ಅವರ ಮುಂದೆ ಒಂದು ಸಾಲು ಹಾಡಿಯೂ ತೋರಿಸಿದೆ, ದನಿ ಮೊದಲಿಗಿಂತ ಚೆನ್ನಾಗಿತ್ತು. ಕೇಳಿದ್ದನ್ನು ದೇವರು ಕೇಳಿದ ಹಾಗೆಯೇ ಕೊಟ್ಟಿದ್ದ. ಅದನ್ನೇ ಹಸಿ ಬಣ್ಣದ ಬೆಂಚುಗಳ ಮುಂದೆ ನಿಂತು ಸಮರ್ಪಣೆ ಮುಗಿಯುವವರೆಗೆ ಬಾಯಿ ತೆರೆಯುವುದಿಲ್ಲ ಎಂದು ಆತನ ಕೈಗೆ ಹಿಂದಕ್ಕೆ ಕೊಟ್ಟೆ, ಈ ಸಲ ಆತನನ್ನು ಏನಕ್ಕೂ ಒಪ್ಪಿಸಲು ಹೋಗಲಿಲ್ಲ. ಇದು ಇನ್ನೂ ಯಾರಿಗೂ ಗೊತ್ತಿಲ್ಲ. ಇವತ್ತು ಸಂಜೆ ನಿಮ್ಮಪ್ಪ ಕೆಲಸದಿಂದ ಬಂದಾಗ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತೇನೆ.