ಬಿಟ್ಟಿಟ್ಟ ಬಿಳಿ

೧೨ ಸೆಪ್ಟೆಂಬರ್ ೨೦೨೦, ಶನಿವಾರ. ಮಾರಿಸ್‌ವಿಲ್, ಮಗಳ ಮನೆ

ಮತ್ತೆ ಜೂಮ್. ಮತ್ತೆ ಜಲವರ್ಣ. ಕನ್ನಡ ಸಂಘದ ಹಿರಿಯರ ಕ್ಲಾಸು. ಪರದೆ ತುಂಬ ಕನ್ನಡಕಗಳು, ನಡುವೆ ಗುರು ಸರೋಜಿನಿಯವರು. ಉಡುಪಿಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು, ಈಗ ಗೈದರ್ಸ್‌ಬರ್ಗಿನಲ್ಲಿ ಮಗನ ಮನೆ.

"ಬಿಳಿ ಬೇಕಿದ್ರೆ ಕಾಗದವನ್ನು ಮೊದಲೇ ಬಣ್ಣ ಹಾಕದೆ ಬಿಟ್ಟಿಡಿ. ಆಮೇಲೆ ಹಾಕ್ತೇನೆ ಅಂದ್ರೆ ಆಗುದಿಲ್ಲ."

ನನ್ನ ತಲೆಯ ಬಿಳಿ ಕೇಳದೇ ಬಂತು, ಅಂದೆ. ನಕ್ಕರು. ಇವತ್ತಿನ ಸಂಪಾದನೆ ಅಷ್ಟು.

ಒಬ್ಬೊಬ್ಬರು ಒಬ್ಬ ಕಲಾವಿದನ ಬಗ್ಗೆ ಮಾತಾಡಬೇಕಂತೆ. ನನ್ನ ಪಾಲಿಗೆ ಕಾರ್ಲೋಸ್ ದೆ ಹೇಸ್, ಹತ್ತೊಂಬತ್ತನೇ ಶತಮಾನದ ಸ್ಪೇನ್. ಬರೇ ಬೆಟ್ಟ, ಮರ, ನೀರು. ಹುಟ್ಟಿದ್ದು ಬ್ರಸೆಲ್ಸ್, ಬೆಳೆದದ್ದು ಮಾಲಗಾ, ಕಲಿಯಲಿಕ್ಕೆ ಮತ್ತೆ ಬೆಲ್ಜಿಯಂ, ಹೆಸರಾದದ್ದು ಮ್ಯಾಡ್ರಿಡ್. ಗ್ರೀನ್ ಕಾರ್ಡ್ ಯಾವಾಗ ಬಂತೋ, ಎಲ್ಲೂ ಬರೆದಿಲ್ಲ.

೨೬ ಸೆಪ್ಟೆಂಬರ್

ಭಾಷಣ ಅರ್ಧ ಆಯಿತು. ಮೇಷ್ಟ್ರಾದವನೇ ಶಿಷ್ಯರನ್ನು ಕೋಣೆಯಿಂದ ಹೊರಗೆಳೆದ, ಬಯಲಲ್ಲೇ ಕೂತು ಬಿಡಿಸಿ ಎಂದ. "ಹೆಸರು ಹೇಸ್, ಬೆಟ್ಟ ಹತ್ತಲಿಕ್ಕೆ ಮಾತ್ರ ಹೇಸಿದವನಲ್ಲ" ಅಂದೆ. ಎಲ್ಲರೂ ಮ್ಯೂಟ್‌ನಲ್ಲಿ ನಕ್ಕಿರಬೇಕು.

ಆಮೇಲೆ ನನ್ನ ಕೆರೆಯ ಚಿತ್ರ ತೋರಿಸಿದೆ.

"ತಾರಾನಾಥರೇ, ಗೂಗಲ್ ನೋಡಿ ಬಿಡಿಸಿದ್ದಲ್ವಾ?"

"ಹೇಗೆ ಗೊತ್ತಾಯ್ತು?"

"ಮರದ ನೆರಳು ಬಲಕ್ಕೆ, ಬಾತುಕೋಳಿದು ಎಡಕ್ಕೆ. ನಿಮ್ಮ ಮಾರಿಸ್‌ವಿಲ್‌ನಲ್ಲಿ ಎರಡು ಸೂರ್ಯ ಉಂಟಾ ಮಾರಾಯ್ರೆ?"

ಒಂದು ಇಲ್ಲಿ, ಇನ್ನೊಂದು ಗೈದರ್ಸ್‌ಬರ್ಗಿನಲ್ಲಿ... ಹೇಳಲಿಲ್ಲ.

೩ ಅಕ್ಟೋಬರ್

ಮಾಸ್ಕ್, ಮಡಚುವ ಕುರ್ಚಿ, ನಮ್ಮ ಟೌನ್‌ಹೋಮ್ ಸಾಲಿನ ಹಿಂದಿನ ಕೊಳ. ಹೊರಗೆ ಹೋಗಿ ಎಂದವನನ್ನು ಓದುತ್ತಿರುವುದು, ಒಳಗೇ ಇರಿ ಎನ್ನುವ ವರ್ಷದಲ್ಲಿ! ನೀರು ಕೈಗೆ ಸಿಕ್ಕಲಿಲ್ಲ. ನೀರನ್ನು ಬಿಡಿಸುವುದೇ ಇಷ್ಟು ಕಷ್ಟ, ನೀರೆಯ ಮಾತು ಬಿಡಿ.

ಸರೋಜಿನಿಯವರಿಗೆ ವಾಟ್ಸ್ಯಾಪ್ ಮಾಡಿದೆ. ಫೋನೇ ಬಂತು. ಪಾಠ ಸ್ವಲ್ಪ, ಉಳಿದದ್ದೆಲ್ಲ ಉಡುಪಿ.

೬ ಫೆಬ್ರವರಿ ೨೦೨೧

ಈಗ ಫೋನ್ ದಿನಾ ಸಂಜೆ. ಬಾರದ ದಿನ ಕಾಫಿಗೂ ರುಚಿಯಿಲ್ಲ.

ಕ್ಲಾಸಿನಲ್ಲಿ ನನ್ನ ಸರದಿ ಮತ್ತೆ ಬಂತು, ಇವತ್ತು ಹೇಸ್‌ನ ಉಳಿದರ್ಧ. ತಡವಾಗಿ ಮದುವೆ. ಬೇಗನೇ ಹೆಂಡತಿಯೂ ಹೋದಳು, ಹಸುಗೂಸೂ ಹೋಯಿತು. ನನ್ನ ಜಯಾ ಹೋಗಿ ಆರು ವರ್ಷ. ಯಾರೂ ಜೋಕ್ ಮಾಡಲಿಲ್ಲ — ನಾನೂ.

ಬಯಲಲ್ಲಿ ಕೂತು ಬಿಡಿಸಿದ ಸಣ್ಣ ಸಣ್ಣ ಚಿತ್ರಗಳನ್ನೆಲ್ಲ ತನ್ನ ಸ್ಟುಡಿಯೋದಲ್ಲೇ ಇಟ್ಟುಕೊಂಡಿದ್ದನಂತೆ. ಸತ್ತ ಮೇಲೆ ಶಿಷ್ಯರು ಮ್ಯೂಸಿಯಮ್ಮಿಗೆ ಕೊಟ್ಟರು. ನನ್ನ ಫೋನಿನಲ್ಲೂ ಸಣ್ಣ ಸಣ್ಣವು ಇವೆ. ಸರೋಜಿನಿಯವರಿಗೆ ಟೈಪ್ ಮಾಡಿ ಕಳಿಸದವು. ನನಗೆ ಶಿಷ್ಯರಿಲ್ಲ.

ಸಂಜೆ ಅವರು: "ನಮ್ಮವರು ಹೋದ ಮೇಲೆ ನಾನು ಬ್ರಶ್ ಮುಟ್ಟಿರ್ಲಿಲ್ಲ. ಈ ಕ್ಲಾಸಿಗೇ ಮತ್ತೆ ತೆಗೆದದ್ದು."

೧೪ ಆಗಸ್ಟ್

ಸರೋಜಿನಿಯವರು ಊರಿಗೆ ಹೋಗುತ್ತಾರಂತೆ. ಸೆಪ್ಟೆಂಬರ್ ಇಪ್ಪತ್ತಕ್ಕೆ ಟಿಕೆಟ್. ರಿಟರ್ನ್ ಇಲ್ಲ.

"ನಾನೂ ಬರಲೇ?" ಟೈಪ್ ಮಾಡಿದೆ. ಅಳಿಸಿದೆ. "ಶುಭ ಪ್ರಯಾಣ" ಕಳಿಸಿದೆ, ಕೈಮುಗಿದ ಚಿತ್ರದ ಜೊತೆ. ಮಠದ ಸ್ವಾಮಿಗಳ ಹಾಗೆ. ಥೂ.

ಉತ್ತರ ಬಂತು: "ಹೇಸ್ ಶಿಷ್ಯರನ್ನು ಹೊರಗೆ ಕರ್ಕೊಂಡು ಹೋದ. ನಾನು ಒಬ್ಬರನ್ನೂ ಕರ್ಕೊಂಡು ಹೋಗ್ಲಿಲ್ಲ. ಇಲ್ಲಿ ಒಂದು ಕೆರೆ ಉಂಟು. ಬರ್ತೀರಾ?"

೧೭ ಸೆಪ್ಟೆಂಬರ್. ಹೈವೇ, ಗ್ಯಾಸ್ ಸ್ಟೇಷನ್

ನನಗೆ ಡ್ರೈವಿಂಗ್ ಬಾರದು. ಮಗಳು ಹರಿಣಿಯೇ ಸಾರಥಿ.

"ಫೈವ್ ಅವರ್ಸ್ ಡ್ರೈವ್ ಅಪ್ಪ, ಒಂದು ಕೆರೆಗೆ? ನಮ್ಮನೆ ಹಿಂದೇನೇ ಉಂಟಲ್ಲ."

"ಅಲ್ಲಿಯ ಬೆಳಕು ಬೇರೆ."

"ಅದಕ್ಕೇ ಆಫ್ಟರ್‌ಶೇವಾ?"

ಕೆಮ್ಮಿದೆ. ಈ ಕಾಲದಲ್ಲಿ ಕೆಮ್ಮಿದರೆ ಯಾರೂ ಹತ್ತಿರ ಬರುವುದಿಲ್ಲ. ಇವಳು ಬಿಡಲಿಲ್ಲ.

"ಕೇಳಿಬಿಡಿ ಅಪ್ಪ. ಅಮ್ಮ ಇದ್ದಿದ್ರೂ ಅದನ್ನೇ ಹೇಳ್ತಿದ್ರು. ಆದ್ರೆ ಉಡುಪಿ ತನಕ ನಾನು ಡ್ರೈವ್ ಮಾಡುದಿಲ್ಲ, ಹೇಳಿದ್ದೇನೆ."

ಕಿಟಕಿಯ ಕಡೆ ತಿರುಗಿ ಕೂತೆ. ಕನ್ನಡಕ ಮಂಜಾಯಿತು. ಎಸಿ ಜಾಸ್ತಿ.

೧೮ ಸೆಪ್ಟೆಂಬರ್, ಬೆಳಿಗ್ಗೆ. ಗೈದರ್ಸ್‌ಬರ್ಗ್, ಕೆರೆ ದಂಡೆ

ಜೂಮ್‌ನಲ್ಲಿ ಎಲ್ಲರೂ ಒಂದೇ ಎತ್ತರ. ಸರೋಜಿನಿಯವರು ನನ್ನ ಭುಜದಷ್ಟು. ಗೊತ್ತೇ ಇರಲಿಲ್ಲ. ಹರಿಣಿ ಕಾಫಿ ತರುತ್ತೇನೆಂದು ಹೋದಳು — ಬೇಕೆಂದೇ ದೂರದ ಅಂಗಡಿಗೆ.

ನನ್ನ ಆಕಾಶ ಒಣಗಬೇಕು. ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಅವರ ಕಾಗದ ಇಣುಕಿದೆ. ಕೆರೆ. ಮರ. ಬೆಂಚಿನ ಮೇಲೆ ಟೋಪಿ ಹಾಕಿದ ಗಂಡಸು. ಟೋಪಿ ನನ್ನದು.

"ಹೇಸ್ ಬರೇ ಬೆಟ್ಟ ನೋಡ್ತಿದ್ದ ಟೀಚರ್. ಇದ್ಯಾರು ನಡುವೆ?"

"ಹೇಸ್‌ನ ಪಕ್ಕ ನೀವು ಕೂತಿರ್ಲಿಲ್ಲ."

ಬೆಂಚಿನ ಇನ್ನೊಂದು ತುದಿಯಲ್ಲಿ ಬಣ್ಣವಿಲ್ಲ. ನೀಲಿ ಸುತ್ತಲೂ ಬಂದು ನಿಂತಿದೆ.

"ಇದೆಂತ ಬಿಳಿ?"

"ಬಿಟ್ಟಿಟ್ಟದ್ದು." ಬ್ರಶ್ ನೀರಿಗದ್ದಿದರು, ನನ್ನ ಕಡೆ ನೋಡಲಿಲ್ಲ. "ಯಾರಿಗೆ ಅಂತ ನೀವು ಹೇಳ್ಬೇಕು. ಬರೆಯುದು ಸಾಕು. ಮಗ ಕರ್ಕೊಂಡು ಹೋಗ್ಲಿಕ್ಕೆ ಈಗ ಬರ್ತಾನೆ."

ಪೆನ್ನು ಮುಚ್ಚಬೇಕು. ಬಾಯಿ ತೆರೆಯ—